ಬಿಲ್ಲೆಯ ಹಿಂಬದಿ

2025 ಆಗಸ್ಟ್ 31, ಭಾನುವಾರ, ಮಧ್ಯಾಹ್ನ 1.52. ಇದು ಆಮೇಲೆ ನೆನಪು ಮಾಡಿಕೊಂಡು ಹಾಕಿದ ಸಮಯವಲ್ಲ. ವಾಟ್ಸಾಪ್‌ಗೆ ಬಂದ ಫೋಟೋದ ಮೂಲೆಯಲ್ಲಿ ಹಾಗೇ ಇದೆ.

ಟೇಲರ್ ಎಂಬ ಊರಿನ ಚಿಪ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗೆಳತಿಯ ಅಪಾರ್ಟ್‌ಮೆಂಟಿನಲ್ಲಿ ಊಟಕ್ಕೆ ಕೂತಿದ್ದೆ. ತಟ್ಟೆಯಲ್ಲಿ ಎರಡನೆಯ ಕಡುಬು ಇತ್ತು. ಫೋಟೋ ಬಂದದ್ದು ಅಲ್ಲಿಂದ ಮೂರು ಗಂಟೆಗೂ ಹೆಚ್ಚು ದೂರದ ಫ್ರಿಸ್ಕೋದಿಂದ, ನನಗೆ ಆ ತಿಂಗಳಷ್ಟೇ ಪರಿಚಯವಾಗಿದ್ದ ಒಂದು ಮನೆಯ ಹಬ್ಬದ ಗುಂಪಿನಿಂದ. ಮಂಟಪ, ಬಾಳೆ ಎಲೆ, ಮಣ್ಣಿನ ಗೌರಿ, ಮಣ್ಣಿನ ಗಣಪತಿ. ಗಣಪತಿಯ ಪಾದದ ಹತ್ತಿರ ವೀಳ್ಯದೆಲೆಯ ಮೇಲೆ ಅಂಗೈಯಗಲದ ಕಂದು ಬಿಲ್ಲೆಯೊಂದು; ಅದಕ್ಕೆ ಅರಿಶಿನ, ಕುಂಕುಮ, ಅಕ್ಷತೆ. ಕೆಳಗೆ ಬರೆದಿತ್ತು: ಐದನೇ ದಿನದ ಪೂಜೆ ಮುಗಿಯಿತು, ಸಂಜೆ ಐದೂವರೆಗೆ ಬ್ಯಾಕ್‌ಯಾರ್ಡಿನಲ್ಲಿ ವಿಸರ್ಜನೆ, ಎಲ್ಲರೂ ಬನ್ನಿ.

ಆ ಬಿಲ್ಲೆಯ ವಯಸ್ಸು ನಾಲ್ಕು ಸಾವಿರ ವರ್ಷ ಇರಬಹುದಾಗಿತ್ತು, ನಲವತ್ತೂ ಇರಬಹುದಾಗಿತ್ತು. ಯಾವುದು ಎಂದು ತಿಳಿಯಲು ಇನ್ನು ಎರಡೇ ದಿನ ಬಾಕಿ ಇತ್ತು. ಅದು ಸುಡದ ಮಣ್ಣು ಎಂದು ನಾನು ನಂಬಿದ್ದೆ. ಸುಡದ ಮಣ್ಣನ್ನು ಬಕೆಟ್ ನೀರಿನಲ್ಲಿ ಬಿಟ್ಟರೆ ಏನಾಗುತ್ತದೆ ಎಂಬುದು ಗಣಪತಿ ಕೂರಿಸುವ ಯಾವ ಮನೆಯವರಿಗೂ ಹೇಳಿಕೊಡಬೇಕಾದ ವಿಷಯವಲ್ಲ.

ಮನೆಯ ಹಿರಿಯ ಅಂಕಲ್‌ಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಅವರ ಮಗಳಿಗೆ ಮಾಡಿದೆ. ಎತ್ತಲಿಲ್ಲ. 2.01ಕ್ಕೆ ಗುಂಪಿನಲ್ಲಿ ಬರೆದೆ: ದಯವಿಟ್ಟು ಆ ಮಣ್ಣಿನ ಬಿಲ್ಲೆಯನ್ನು ನೀರಿಗೆ ಹಾಕಬೇಡಿ. 2.04ಕ್ಕೆ ಕಾರು ಸ್ಟಾರ್ಟ್ ಮಾಡಿದೆ. ಮ್ಯಾಪ್ 5.18ಕ್ಕೆ ತಲುಪುತ್ತೀರಿ ಎಂದಿತು. ನನ್ನ ಕೈಯಲ್ಲಿದ್ದದ್ದು ಹನ್ನೆರಡು ನಿಮಿಷ.

ಆ ಬಿಲ್ಲೆ ನನ್ನ ಲೆಕ್ಕದ ಪುಸ್ತಕಕ್ಕೆ ಸೇರಿದ್ದು ಆಗಸ್ಟ್ 9ರ ಶನಿವಾರ. ನಾನು ಆಸ್ಟಿನ್‌ನಲ್ಲಿ ಓದುತ್ತೇನೆ. ಹಳೆಯ ದಾಖಲೆಗಳನ್ನು ಜೋಡಿಸಿಡುವ ವಿದ್ಯೆ ನನ್ನದು. ವಾರಕ್ಕೆ ಹದಿನೆಂಟು ಗಂಟೆ ವಿಶ್ವವಿದ್ಯಾಲಯದ ಒಂದು ಸಂಗ್ರಹದಲ್ಲಿ ಪುರಾತನ ಮಣ್ಣಿನ ಹಲಗೆಗಳ ಫೋಟೋ ತೆಗೆಯುವ ಕೆಲಸ. ಅವುಗಳ ಮೇಲಿನ ಬೆಣೆಯಾಕಾರದ ಲಿಪಿ ನನಗೆ ಓದಲು ಬರುವುದಿಲ್ಲ. ಗೀರುಗಳನ್ನು ಎಣಿಸಲು, ಅಳೆಯಲು, ಬಿರುಕು ಎಲ್ಲಿದೆ ಎಂದು ಬರೆದಿಡಲು ಬರುತ್ತದೆ. ಜುಲೈನಲ್ಲಿ ಆಸ್ಟಿನ್ ಕನ್ನಡದವರ ಒಂದು ಸಣ್ಣ ಕೂಟದಲ್ಲಿ ಈ ಕೆಲಸದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ್ದೆ. ಯಾರೋ ಅದನ್ನು ರೆಕಾರ್ಡ್ ಮಾಡಿ ಕಳಿಸಿದ್ದರು. ಅದು ಕೈಯಿಂದ ಕೈಗೆ ದಾಟಿ ಹ್ಯೂಸ್ಟನ್‌ನ ತೈಲ ಕಂಪನಿಗಳ ಬಡಾವಣೆ ಎನರ್ಜಿ ಕಾರಿಡಾರ್ ಹತ್ತಿರದ ಒಂದು ಮನೆ ತಲುಪಿತು. ಅಲ್ಲಿಂದ ನಿವೃತ್ತ ತೈಲ ಎಂಜಿನಿಯರ್ ಒಬ್ಬರು ಫೋನ್ ಮಾಡಿ, ಬಂದು ಒಂದು ವಸ್ತು ನೋಡು ಎಂದರು. ಅವರೇ ಈ ಅಂಕಲ್. ಧಾರವಾಡದ ಕಡೆಯವರು, ವಯಸ್ಸು ಎಪ್ಪತ್ತೆಂಟು.

ವಸ್ತು ಒಂದು ಸ್ಟೀಲ್ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿತ್ತು. ಎಂಬತ್ತರ ದಶಕದ ಮೊದಲಲ್ಲಿ ಅವರು ದಕ್ಷಿಣ ಇರಾಕಿನ ಒಂದು ತೈಲ ಕ್ಯಾಂಪಿನಲ್ಲಿದ್ದರು. ಕ್ಯಾಂಪಿನ ಹಿಂದೆ ಒಂದು ದಿಬ್ಬ. ದಿಬ್ಬದ ಬುಡದಲ್ಲಿ ಕಾವಲುಗಾರನ ಗುಡಿಸಲು. ಆತ ಒಲೆಯ ಮೇಲೆ ಚಹಾ ಮಾಡುತ್ತಿದ್ದ, ಬಿಡುವಿನಲ್ಲಿ ಮಣ್ಣಿನಿಂದ ಒಂಟೆ, ದೋಣಿ ಮಾಡಿ ಕ್ಯಾಂಪಿನವರಿಗೆ ಕೊಡುತ್ತಿದ್ದ. ಯುದ್ಧ ಹತ್ತಿರ ಬಂದು ಇವರು ಊರು ಬಿಡುವ ದಿನ ಆತ ಈ ಬಿಲ್ಲೆಯನ್ನು ಕೈಗಿಟ್ಟ. ಇವರು ತಮ್ಮ ಕೈಗಡಿಯಾರ ಬಿಚ್ಚಿ ಕೊಟ್ಟರು. ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ. ದಿಬ್ಬದಲ್ಲಿ ಸಿಕ್ಕದ್ದೋ ಅವನೇ ಮಾಡಿದ್ದೋ ಎಂದು ಕೇಳಲು ಆಗಲಿಲ್ಲ. ಅಂಥ ವಸ್ತುವನ್ನು ಆ ದೇಶದಿಂದ ಹೊರಗೆ ಒಯ್ಯುವುದು ಅಪರಾಧ ಎಂದು ಅವರಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

"ತಂಗಿ, ಇದು ಕಾಣಿಕಿಯೋ ಕಳುವಿನ ಮಾಲೋ, ನನಗ ಗೊತ್ತಾಗಬೇಕು," ಎಂದರು. "ನಲವತ್ತು ವರ್ಷ ಆತು. ಯಾರಿಗೂ ತೋರಿಸಿಲ್ಲ."

"ಯಾರಿಗೂ ಅಂದ್ರ?" ಎಂದರು ಅಡುಗೆಮನೆಯಿಂದ ಅವರ ಹೆಂಡತಿ, ಆಂಟಿ. "ಬಂದವರಿಗೆಲ್ಲಾ ತೋರಸೂದು, ಆಮ್ಯಾಲೆ ಯಾರಿಗೂ ಹೇಳಬ್ಯಾಡ್ರಿ ಅನ್ನೂದು."

ಅಂದು ನಾನು ಬರೆದುಕೊಂಡದ್ದು ಇಷ್ಟು. ಅಗಲ 8.1 ಸೆಂಟಿಮೀಟರ್, ದಪ್ಪ 2.4. ಮುಂಬದಿಯಲ್ಲಿ ನಾಲ್ಕು ಸಾಲು, ಗೀರು 61, ಅಚ್ಚುಕಟ್ಟು ಕೈ. ಹಿಂಬದಿಯಲ್ಲೂ ಅದೇ ನಾಲ್ಕು ಸಾಲು, ಗೀರು 57, ಓರೆಕೋರೆ. ಮೂರನೆಯ ಸಾಲಿನಲ್ಲಿ ತಪ್ಪನ್ನು ಅಳಿಸಲು ಒತ್ತಿದ ಬೆರಳ ಗುರುತು 1.

ಸಂಗ್ರಹದಲ್ಲಿ ಇಂಥವನ್ನು ನೋಡಿದ್ದೆ. ಅವರಿಗೂ ಅದನ್ನೇ ಹೇಳಿದೆ. ನಾಲ್ಕು ಸಾವಿರ ವರ್ಷದ ಹಿಂದೆ ಇರಾಕಿನ ಎರಡು ನದಿಗಳ ನಡುವಿನ ಆ ಬಯಲಲ್ಲಿ ಕಲ್ಲು ಕಡಿಮೆ, ಒಳ್ಳೆಯ ಮರ ಕಡಿಮೆ, ಬೇಕಾದಷ್ಟು ಇದ್ದದ್ದು ಮಣ್ಣು. ಮನೆ, ಗೋಡೆ, ಕುಡುಗೋಲು ಕೂಡ ಮಣ್ಣಿನದೇ. ಊರುಗಳು ನಗರಗಳಾದವು. ಒಂದು ನಗರ ಇನ್ನೊಂದನ್ನು ಗೆದ್ದು ರಾಜ್ಯವಾಯಿತು, ರಾಜ್ಯಗಳನ್ನು ನುಂಗಿ ಸಾಮ್ರಾಜ್ಯವಾಯಿತು. ಗೆದ್ದದ್ದನ್ನು ಹಿಡಿದಿಡಲು ಸೈನಿಕರಷ್ಟೇ ಸಾಲದು. ಎಷ್ಟು ಜನ, ಎಷ್ಟು ಕಾಲುವೆ, ಎಷ್ಟು ಜವೆಗೋಧಿ ಎಂದು ಬರೆಯುವವರು ಬೇಕು. ಅವರನ್ನು ತಯಾರು ಮಾಡಲು ಶಾಲೆಗಳಿದ್ದವು. ಗುರು ಬಿಲ್ಲೆಯ ಒಂದು ಬದಿ ಬರೆದು ಕೊಡುತ್ತಿದ್ದ, ಹುಡುಗ ಅದನ್ನು ನೋಡಿ ಇನ್ನೊಂದು ಬದಿ ತಿದ್ದುತ್ತಿದ್ದ. ಪಾಠ ಮುಗಿದ ಬಿಲ್ಲೆಗಳಿಗೆ ಒಂದು ತೊಟ್ಟಿ. ಅದರಲ್ಲಿ ನೆನೆಸಿ, ನಾದಿ, ಹೊಸ ಬಿಲ್ಲೆ ತಟ್ಟುತ್ತಿದ್ದರು.

"ನಮ್ಮ ಪಾಟಿ ಒರಸಿಧಂಗ," ಎಂದರು ಆಂಟಿ. ಆಮೇಲೆ ಕೇಳಿದರು, "ಇದು ಸುಟ್ಟದ್ದೇನ?"

"ಇಲ್ಲ ಆಂಟಿ, ಹಸಿ ಮಣ್ಣು. ಬಿಸಿಲಲ್ಲಿ ಒಣಗಿಸಿದ್ದು ಅಷ್ಟೆ."

"ಹಂಗಾದ್ರ ನಮ್ಮ ಗಣಪ್ಪನ ಜಾತಿನ ಆತು."

ಎಲ್ಲರೂ ನಕ್ಕೆವು. ನಾನು ಪರೀಕ್ಷೆ ಮಾಡಿ ಹೇಳಿದ ಮಾತಲ್ಲ ಅದು. ಬಣ್ಣ ನೋಡಿ ಹೇಳಿದ್ದು. ಮುಂಬದಿಯ ಹದಿನಾಲ್ಕು ಫೋಟೋ ಚೆನ್ನಾಗಿ ಬಂದವು. ಹಿಂಬದಿಗೆ ಬೆಳಕನ್ನು ಪಕ್ಕದಿಂದ ಬಿಡಬೇಕು, ಅದಕ್ಕೆ ಸಮಯ ಬೇಕು. ಮೂರು ತೆಗೆಯುವಷ್ಟರಲ್ಲಿ ರೊಟ್ಟಿ ಆರುತ್ತಿದೆ ಎಂದು ಕರೆ ಬಂತು. ಹೇಗೂ ಬಿಲ್ಲೆ ಆಸ್ಟಿನ್‌ಗೆ ಬರುತ್ತದಲ್ಲ ಎಂದುಕೊಂಡು ಎದ್ದೆ.

ಯೋಜನೆ ಹೀಗಿತ್ತು. ಅಂಕಲ್ ಬಿಲ್ಲೆಯನ್ನು ಬೇರೆ ಯಾರ ಕೈಗೂ ಕೊಡಲೊಲ್ಲರು, ಆ ಲಿಪಿ ಓದಬಲ್ಲ ನನ್ನ ಪ್ರೊಫೆಸರ್ ಕೈಗೆ ತಾವೇ ಕೊಡಬೇಕು. ಹಬ್ಬಕ್ಕೆ ಇಬ್ಬರೂ ಫ್ರಿಸ್ಕೋದ ಮಗಳ ಮನೆಗೆ ಹೋಗುತ್ತಾರೆ, ಡಬ್ಬಿಯನ್ನೂ ಒಯ್ಯುತ್ತಾರೆ. ಸೋಮವಾರ ರಜೆ. ಮಂಗಳವಾರ, ಸೆಪ್ಟೆಂಬರ್ 2ರಂದು ಆಸ್ಟಿನ್ ಮೇಲೆ ಸುತ್ತಿ ಬಂದು ಕೊಡುತ್ತಾರೆ. ಪ್ರೊಫೆಸರ್ ನೋಡುತ್ತಾರೆ, ನಿಜವಾದದ್ದಾದರೆ ಹಿಂದಿರುಗಿಸುವ ದಾರಿ ತೋರಿಸುತ್ತಾರೆ. ಈ ಯೋಜನೆಯನ್ನು ಬರೆದು ಅಂಕಲ್‌ಗೂ ಪ್ರೊಫೆಸರ್‌ಗೂ ಕಳಿಸಿದ್ದವಳು ನಾನೇ. ಅದರಲ್ಲಿ ದಿನಾಂಕ, ಗಂಟೆ, ಪಾರ್ಕಿಂಗ್ ಜಾಗ ಎಲ್ಲ ಇತ್ತು. ಹಬ್ಬದ ಐದು ದಿನ ಡಬ್ಬಿ ಎಲ್ಲಿರಬೇಕು ಎಂಬುದು ಇರಲಿಲ್ಲ.

ಟೇಲರ್ ದಾಟುವ ಮೊದಲೇ ರೈಲ್ವೆ ಗೇಟ್ ಬಿತ್ತು. ಗೂಡ್ಸ್ ರೈಲು. ಎಣಿಸದೆ ಇರಲು ಆಗಲಿಲ್ಲ: 112 ವ್ಯಾಗನ್, ಆರು ನಿಮಿಷ. ಉಳಿದದ್ದು ಆರು. 95ನೇ ಹೆದ್ದಾರಿಯಲ್ಲಿ ಗ್ರೇಂಜರ್, ಬಾರ್ಟ್‌ಲೆಟ್, ಹಾಲೆಂಡ್. ಎರಡೂ ಕಡೆ ಕೊಯ್ದು ಬಿಟ್ಟ ಜೋಳದ ಹೊಲಗಳ ಕಪ್ಪು ನೆಲ ಬಿರುಕು ಬಿಟ್ಟಿತ್ತು. ಹೊರಗೆ ನೂರಾ ಒಂದು ಡಿಗ್ರಿ ಫ್ಯಾರನ್‌ಹೀಟ್ ಎಂದು ಕಾರು ತೋರಿಸುತ್ತಿತ್ತು. ಕಾರಿನ ಸ್ಪೀಕರಿನಲ್ಲಿ ರಿಂಗ್ ಆಗುತ್ತಲೇ ಇತ್ತು. ಅಂಕಲ್‌ಗೆ ಮೂರನೆಯ ಸಲ, ನಾಲ್ಕನೆಯ ಸಲ. ಆಂಟಿ ಫೋನ್ ಇಟ್ಟುಕೊಳ್ಳುವವರಲ್ಲ.

ಅಂಕಲ್ ಊಟ ಮಾಡಿ ಮಲಗಿರಬೇಕು, ಮಗಳ ಫೋನ್ ಎಲ್ಲೋ ಚಾರ್ಜಿಗೆ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆಂಟಿಗೆ ಗೊತ್ತಿಲ್ಲವೇ, ಅದು ಪೂಜೆಯ ಸಾಮಾನಲ್ಲ ಎಂದು? ಆದರೆ ಗೊತ್ತಿದ್ದದ್ದೇ ಭಯ. ಅಕ್ಷರ ಇರುವ ಮಣ್ಣು, ಮಕ್ಕಳ ಪಾಠದ ಮಣ್ಣು. ನಮ್ಮಲ್ಲಿ ಗಣಪತಿಯ ಮುಂದೆ ಪುಸ್ತಕ ಇಡುವುದಿಲ್ಲವೇ, ಹಾಗೆ ಇಟ್ಟಿದ್ದಾರೆ. ಇಟ್ಟು ಅಕ್ಷತೆ ಹಾಕಿದ ಮೇಲೆ ಅದು ಪುಸ್ತಕವಲ್ಲ, ಮಣ್ಣಿನ ಮೂರ್ತಿ. ಪೂಜೆಗೊಂಡ ಹಸಿ ಮಣ್ಣನ್ನು ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಇಲ್ಲ, ಕಳಿಸಬೇಕು. ಹಸಿ ಮಣ್ಣು ಎಂಬ ಮಾತನ್ನು ಅವರಿಗೆ ಕೊಟ್ಟವಳು ನಾನು. ತೊಟ್ಟಿಯ ಕಥೆ ಹೇಳಿದವಳೂ ನಾನು.

ಟೆಂಪಲ್ ಊರಲ್ಲಿ 35ನೇ ಹೆದ್ದಾರಿಗೆ ಸೇರಿದಾಗ 3.09. ವೇಕೋ ದಾಟಿದ್ದು 3.41. ರಜೆಯ ವಾರಾಂತ್ಯ, ಟ್ರಕ್ಕುಗಳ ನಡುವೆ ದೋಣಿ ಕಟ್ಟಿಕೊಂಡ ಕಾರುಗಳು. ಹಿಲ್ಸ್‌ಬರೋ ಹತ್ತಿರ ಯಾರದೋ ಕಾರು ಮಗುಚಿ ಮೂರು ಲೇನ್ ಒಂದಾಗಿತ್ತು. ಮ್ಯಾಪ್‌ನಲ್ಲಿ 5.24 ಇದ್ದದ್ದು 5.31 ಆಯಿತು. ನಿಂತಲ್ಲೇ ನಿಂತಿದ್ದಾಗ 5.40 ಆಯಿತು, 5.52 ಆಯಿತು. ಪೂರ್ತಿ ನಿಂತ ಸಾಲಿನಲ್ಲಿ ಗುಂಪನ್ನು ತೆರೆದು ನೋಡಿದೆ. ನನ್ನ ಸಂದೇಶದ ಕೆಳಗೆ ಗಣಪತಿಯ ಚಿತ್ರಗಳು, ಮುಗಿದ ಕೈಗಳು, ಯಾರದೋ ಮನೆಯ ಮೋದಕ, ಎಣಿಸಿದರೆ 38. ಕೆಳಗಿನಿಂದ ಮೇಲೆ ಸರಿಸಿ ನೋಡುವವರಿಗೆ ನನ್ನ ಒಂದು ಸಾಲು ಇದೆ ಎಂದೇ ತಿಳಿಯುವಂತಿರಲಿಲ್ಲ. ಒಬ್ಬರು ಮಾತ್ರ ಓದಿದ್ದರು. "ಯಾವ ಬಿಲ್ಲೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಮ್ಮ ಮನೆಯ ಆರತಿಯ ವಿಡಿಯೋ ಹಾಕಿದ್ದರು.

4.38ಕ್ಕೆ, ಅದೇ ಸಾಲಿನಲ್ಲಿ, ಮಗಳ ಫೋನಿಗೆ ಐದನೆಯ ಸಲ ಮಾಡಿದಾಗ ಯಾರೋ ಎತ್ತಿದರು. ಮೊಮ್ಮಗಳು, ಏಳು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಮಾತು ಮಾತ್ರ ಇಂಗ್ಲಿಷ್. ಅಜ್ಜಿಗೆ ಕೊಡು ಎಂದೆ.

"ಅಜ್ಜಿ ಈಸ್ ಬಿಜಿ ವಿತ್ ಆರತಿ ಪ್ಲೇಟ್."

ಅಮ್ಮನಿಗೆ ಕೊಡು ಎಂದರೆ, ಅಮ್ಮ ಬಾಗಿಲಲ್ಲಿ ಜನರನ್ನು ಬರಮಾಡಿಕೊಳ್ಳುತ್ತಿದ್ದಳು.

"ಪುಟ್ಟಿ, ಗಣಪತಿ ಮುಂದೆ ಗುಂಡಗೆ ಒಂದು ಮಣ್ಣು ಇಟ್ಟಿದ್ದಾರಲ್ಲ?"

"ದ ಕುಕಿ?"

"ಹೂಂ, ಕುಕಿ. ಅದನ್ನ ನೀರಿಗೆ ಹಾಕಬಾರದು. ಈಗಲೇ ಹೋಗಿ ಹೇಳ್ತೀಯಾ?"

"ಓಕೆ. ಐ ವಿಲ್ ಟೆಲ್."

ಫೋನ್ ಇಟ್ಟಳು. ಎರಡೂವರೆ ಗಂಟೆಯಲ್ಲಿ ಮೊದಲ ಸಲ ಸ್ಟಿಯರಿಂಗ್ ಮೇಲಿನ ಬೆರಳುಗಳನ್ನು ಸಡಿಲ ಬಿಟ್ಟೆ. ಆದರೂ ವಾಪಸ್ ತಿರುಗಲಿಲ್ಲ. ಹೇಳುತ್ತೇನೆ ಎಂದಿದ್ದಾಳೆ, ಹೇಳಿದೆ ಎಂದು ಯಾರೂ ಹೇಳಿಲ್ಲ. ಅದೇ ಫೋನಿಗೆ ಮತ್ತೆ ಎರಡು ಸಲ ಮಾಡಿದೆ. ಎರಡೂ ಸಲ ಪೂರ್ತಿ ರಿಂಗ್ ಆಗಿ ನಿಂತಿತು.

ಅಪಘಾತದ ಜಾಗ ದಾಟಿದ ಮೇಲೆ ರಸ್ತೆ ತೆರೆಯಿತು. ವಾಕ್ಸಹಾಚಿ, ಡಲ್ಲಾಸ್‌ನ ಸೇತುವೆಗಳು, ಟೋಲ್‌ವೇ. ಗಡಿಯಾರ 5.30 ತೋರಿಸಿದಾಗ ನಾನು ಡಲ್ಲಾಸ್ ನಡುವಿನಲ್ಲಿದ್ದೆ. ಫ್ರಿಸ್ಕೋದಲ್ಲಿ ಟೋಲ್‌ವೇ ಇಳಿದರೆ ಹೋದ ವರ್ಷ ಬಯಲಾಗಿದ್ದ ಜಾಗದಲ್ಲೆಲ್ಲ ಮನೆಗಳು, ಮನೆ ಏಳಬೇಕಾದ ಕಡೆ ಕೆಂಪು ಬಾವುಟ ನೆಟ್ಟ ಮಣ್ಣಿನ ಗುಡ್ಡೆಗಳು. ಬೇರೆ ದಿನವಾಗಿದ್ದರೆ ಅವುಗಳನ್ನು ನೋಡಿ ಹಳೆಯ ನಗರಗಳ ಬಗ್ಗೆ ಏನಾದರೂ ಯೋಚಿಸುತ್ತಿದ್ದೆನೇನೋ. ಅಂದು ನೋಡಿದ್ದು ಕೆಂಪು ದೀಪಗಳನ್ನು ಮಾತ್ರ, ಐದು ಸಿಕ್ಕವು.

5.56. ಬೀದಿಯಲ್ಲಿ ಹದಿನಾಲ್ಕು ಕಾರು. ಮುಂಬಾಗಿಲು ತಟ್ಟದೆ ಪಕ್ಕದ ಮರದ ಗೇಟ್ ತಳ್ಳಿ ಒಳಗೆ ಹೋದೆ. ಹುಲ್ಲಿನ ಮೇಲೆ ಮೂವತ್ತು ನಲವತ್ತು ಜನ, ಪೇಪರ್ ತಟ್ಟೆಗಳಲ್ಲಿ ಉಸುಳಿ. ಬೇಲಿಯ ಹತ್ತಿರ ಕಿತ್ತಳೆ ಬಣ್ಣದ ಐದು ಗ್ಯಾಲನ್ ಬಕೆಟ್. ಅದರ ನೀರು ಆಗಲೇ ಕಾಫಿಯ ಬಣ್ಣಕ್ಕೆ ತಿರುಗಿತ್ತು, ಮೇಲೆ ಹೂ ತೇಲುತ್ತಿತ್ತು. ಮಂಟಪ ಖಾಲಿ.

ಅಂಗಿಯ ತೋಳನ್ನೂ ಮಡಚದೆ ಕೈ ಹಾಕಿದೆ.

"ಏನಮ್ಮ, ಈಗ ತಾನೇ ಕಳಿಸಿದ್ವಿ, ವಾಪಸ್ ಕರೀತಿದ್ದೀಯಾ?" ಎಂದರು ಯಾರೋ ಅತಿಥಿ ಹಿಂದಿನಿಂದ. ನಾಲ್ಕೈದು ಜನ ನಕ್ಕರು, ನನ್ನ ಮುಖ ನೋಡಿ ನಿಲ್ಲಿಸಿದರು.

ಮೊದಲು ಸಿಕ್ಕಿದ್ದು ಗಣಪತಿಯ ಮೆತ್ತಗಾದ ಹೊಟ್ಟೆ. ಆಮೇಲೆ ಗೌರಿ. ಅವಳ ಕೆಳಗೆ, ತಳದಲ್ಲಿ, ಬೆರಳಿಗೆ ಗಟ್ಟಿಯಾದದ್ದು ಸಿಕ್ಕಿತು. ಹೆಂಚಿನ ಚೂರಿನಷ್ಟು ಗಟ್ಟಿ. ಎರಡೂ ಅಂಗೈ ಜೋಡಿಸಿ ಮೇಲೆತ್ತುವಾಗ ಅದರ ಇನ್ನೊಂದು ಬದಿ ಬೆಣ್ಣೆಯ ಹಾಗೆ ಜಾರಿ ಬೆರಳ ಸಂದಿನಿಂದ ನೀರಿಗೆ ಇಳಿಯಿತು. ತಡೆಯಲು ಏನೂ ಇರಲಿಲ್ಲ. ಹಿಡಿದರೆ ಇನ್ನೂ ಕೆಡುತ್ತಿತ್ತು.

ಬಾಳೆ ಎಲೆಯ ಮೇಲೆ ಇಟ್ಟೆ. ಮುಂಬದಿ ಹಾಗೇ ಇತ್ತು: ನಾಲ್ಕು ಸಾಲು, ಗೀರು 61, ಕುಂಕುಮ ಪೂರ್ತಿ ಹೋಗಿರಲಿಲ್ಲ. ತಿರುಗಿಸಿದರೆ ನುಣುಪು ಕೆಸರು. ಅದರ ಮೇಲೆ ನನ್ನ ಬೆರಳುಗಳ ಹೊಸ ಗುರುತು. ಮಗಳು ತೆಗೆದಿದ್ದ ವಿಡಿಯೋ ನೋಡಿದಾಗ ನೀರಿಗೆ ಬಿಟ್ಟದ್ದು 5.34. ಎತ್ತಿದ್ದು 5.57. ಇಪ್ಪತ್ಮೂರು ನಿಮಿಷ.

ಆಂಟಿ ಹತ್ತಿರ ಬಂದರು. ಅವರಿಗೆ ಇನ್ನೂ ಅರ್ಥವಾಗಿರಲಿಲ್ಲ. "ಏನಾತವಾ? ನೀನ ಹೇಳಿದ್ಯಲ್ಲ, ಅವರೂ ನೀರಿನ ತೊಟ್ಟಿಗೇ ಹಾಕ್ತಿದ್ರು ಅಂತ. ಮಂಟಪಕ್ಕ ಏರಿಸಿದ ಮ್ಯಾಲ ಮತ್ತ ಡಬ್ಬಿಗೆ ಹಾಕಿ ಇಡಾಕ ಬರ್ತದನ?"

ಡಬ್ಬಿ ಪೂಜೆಯ ಸಾಮಾನಿನ ಚೀಲದಲ್ಲಿತ್ತಂತೆ. ಇವರೇ ಅದರೊಳಗೆ ಇಟ್ಟಿದ್ದರು, ಮಂಟಪಕ್ಕೆ ಏರಿಸಲೆಂದೇ ಇಟ್ಟಿದ್ದಾರೆ ಎಂದುಕೊಂಡೆ ಎಂದು ಆಂಟಿ ಗಂಡನ ಕಡೆ ಕೈ ತೋರಿಸಿದರು. ನಾನು ಮೊಮ್ಮಗಳನ್ನು ಹುಡುಕಿದೆ. ಅಲ್ಲೇ ಅಮ್ಮನ ಸೆರಗು ಹಿಡಿದು ನಿಂತಿದ್ದಳು. ಅಜ್ಜಿಗೆ ಹೇಳಲಿಲ್ಲವಾ ಎಂದು ಕೇಳಿದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು.

"ಐ ಟೋಲ್ಡ್ ಅಜ್ಜ," ಎಂದಳು. "ಹೀ ಸೆಡ್ ಓಕೆ."

ಹಿಂಬಾಗಿಲ ಹತ್ತಿರದ ಪ್ಯಾಟಿಯೋದ ಕುರ್ಚಿಯಲ್ಲಿ ಅಂಕಲ್ ಕೂತಿದ್ದರು. ತೊಡೆಯ ಮೇಲೆ ಫೋನ್ ಬೋರಲಾಗಿತ್ತು. ಅವರು ಮಲಗಿರಲಿಲ್ಲ. ನಾನು ಟೇಲರ್‌ನಿಂದ ಡಲ್ಲಾಸ್‌ವರೆಗೆ ಏಳು ಸಲ ಮಾಡಿದ್ದು ಅವರ ಕೈಯಲ್ಲೇ ಅದುರಿತ್ತು. ಮಗಳು ಅತಿಥಿಗಳನ್ನು ಮೆಲ್ಲಗೆ ಒಳಗೆ ಊಟಕ್ಕೆ ಕರೆದುಕೊಂಡು ಹೋದಳು. ಹೊರಗೆ ನಾವು ಮೂವರೇ ಉಳಿದೆವು.

"ನೋಡಿಕೋತ ಕುಂತಿದ್ದೆ ತಂಗಿ," ಎಂದರು. "ಅಕಿ ಮಂಟಪದಾಗ ಇಟ್ಟದ್ದೂ ನೋಡಿದೆ, ಬಕೆಟ್ಟಿನಾಗ ಬಿಟ್ಟದ್ದೂ ನೋಡಿದೆ. ಕರಗಿ ಹೋತಂದ್ರ ಕೇಳಾವರು ಯಾರೂ ಇಲ್ಲ ಅಂತ ಅನಸ್ತು."

ಆಂಟಿ ಆರತಿ ತಟ್ಟೆಯನ್ನು ಹುಲ್ಲಿನ ಮೇಲೆ ಇಟ್ಟು, ಗಂಡನ ಪಕ್ಕದ ಕುರ್ಚಿಯಲ್ಲಿ ಅಲ್ಲ, ಮೆಟ್ಟಿಲ ಮೇಲೆ ಕೂತರು. ಗಂಡನಿಗೆ ಅಲ್ಲ, ನನಗೆ ಹೇಳಿದರು: "ನನ್ನ ಕೈಲೆ ಮಾಡಿಸಿದ್ರು ನೋಡು."

ನನಗೆ ಸಿಟ್ಟಿತ್ತು. ಆದರೆ ಮಾತಾಡಲು ಬಾಯಿ ತೆರೆದಾಗ ಅಂಕಲ್ ಎಲೆಯ ಮೇಲಿನ ಬಿಲ್ಲೆಯನ್ನು ಬಾಗಿ ನೋಡುತ್ತಿದ್ದರು. ಅವರು ನೋಡುತ್ತಿದ್ದದ್ದು ಏನು ಎಂದು ನನಗೂ ಆಗಲೇ ಹೊಳೆದದ್ದು. ಪೂರ್ತಿ ಹಸಿ ಮಣ್ಣಾಗಿದ್ದರೆ ಪೂರ್ತಿ ಕರಗಬೇಕಿತ್ತು. ಒಂದು ಬದಿ ಬೆಂದಿದೆ. ನಾನು ಬಣ್ಣ ನೋಡಿ ಹೇಳಿದ್ದು ಅರ್ಧ ತಪ್ಪು.

ಒಂದೇ ಬದಿ ಬೇಯುವುದು ಹೇಗೆ ಎಂದು ಅಲ್ಲೇ ಕೂತು ಲೆಕ್ಕ ಹಾಕಿದೆವು. ಸಾಮ್ರಾಜ್ಯಗಳು ಬೀಳುವಾಗ ನಗರಗಳಿಗೆ ಬೆಂಕಿ ಬೀಳುತ್ತಿತ್ತು, ಕಟ್ಟಡದೊಳಗಿದ್ದ ಮಣ್ಣಿನ ಹಲಗೆಗಳು ಹಾಗೆ ಬೆಂದು ಉಳಿದದ್ದುಂಟು. ಇದೂ ಅಂಥ ಬೆಂಕಿಯ ಅಂಚಿನಲ್ಲಿ ಇದ್ದಿರಬಹುದು. ಅಥವಾ ದಿಬ್ಬದಲ್ಲಿ ಸಿಕ್ಕ ತೇವದ ಬಿಲ್ಲೆಯನ್ನು ಕಾವಲುಗಾರ ಒಣಗಲೆಂದು ಚಹಾ ಒಲೆಯ ಪಕ್ಕ ಇಟ್ಟಿರಬಹುದು. ಅಥವಾ ಒಂಟೆ, ದೋಣಿ ಮಾಡಿದ ಕೈ ಇದನ್ನೂ ಮಾಡಿ ಅದೇ ಒಲೆಯಲ್ಲಿ ಅರೆಬರೆ ಸುಟ್ಟಿರಬಹುದು. ಮೊದಲ ಎರಡರಲ್ಲಿ ಅಂಕಲ್ ತಂದದ್ದು ಒಂದು ದೇಶದ ಆಸ್ತಿ. ಮೂರನೆಯದರಲ್ಲಿ ಒಬ್ಬ ಮನುಷ್ಯನ ಕಾಣಿಕೆ.

"ಹಿಂದ ಒಂದು ಬೆರಳಿನ ಗುರ್ತಿತ್ತಲ್ಲ," ಎಂದರು ಅಂಕಲ್. "ಸಾಲಿ ಹುಡುಗನ ಸಣ್ಣ ಬೆರಳೋ, ಕಾವಲುಗಾರನಂಥ ದೊಡ್ಡವರದೋ? ಅದು ಗೊತ್ತಾದ್ರ ಗೊತ್ತಾತಲ್ಲ. ಎಷ್ಟು ಅಗಲ ಇತ್ತು?"

ಪುಸ್ತಕ ಕಾರಿನಲ್ಲಿತ್ತು. ತಂದು ತೆರೆದೆ. ಆಗಸ್ಟ್ 9ರ ಪುಟ: ಬೆರಳ ಗುರುತು 1. ಅಷ್ಟೇ. ಪಕ್ಕದಲ್ಲಿ ಖಾಲಿ. ಬಿಲ್ಲೆಯ ಅಗಲ ಅಳೆದಿದ್ದೆ, ದಪ್ಪ ಅಳೆದಿದ್ದೆ, ಗೀರುಗಳನ್ನು ಎರಡೆರಡು ಸಲ ಎಣಿಸಿದ್ದೆ. ಅದನ್ನು ಎಣಿಸಿದ್ದೆ, ಅಳೆದಿರಲಿಲ್ಲ. ಮೂರು ಫೋಟೋಗಳಲ್ಲಿ ಅದು ಮಸುಕು ನೆರಳು. ಎಲ್ಲಿ ಶುರು, ಎಲ್ಲಿ ಮುಗಿಯಿತು ತಿಳಿಯುವುದಿಲ್ಲ. ನಲವತ್ತು ವರ್ಷ ಇಟ್ಟುಕೊಂಡಿದ್ದ ಅಂಕಲ್ ಕೂಡ ಯಾವಾಗಲೂ ಮುಂಬದಿ ಮೇಲೆ ಮಾಡಿಯೇ ಇಡುತ್ತಿದ್ದರಂತೆ, ತಿರುವಿ ನೋಡಿದ್ದು ಕಡಿಮೆ.

"ಬರ್ಕೊಂಡಿಲ್ಲ ಅಂಕಲ್," ಎಂದೆ.

ಅವರು ತಲೆಯಾಡಿಸಿದರು. ಬೈಯಲಿಲ್ಲ. "ನಾ ಫೋನ್ ಎತ್ತಲಿಲ್ಲ ಅನ್ನೂದನ್ನೂ ಬರ್ಕೋ," ಎಂದರು. ಬರೆದುಕೊಂಡೆ: 2.00ರಿಂದ 5.20ರವರೆಗೆ, ಕರೆ 7, ಉತ್ತರ 0.

ಬಕೆಟ್ಟಿನ ನೀರನ್ನು ಗಿಡಕ್ಕೆ ಹಾಕುವುದು ವಾಡಿಕೆ. ಆಂಟಿ ಅಂದು ಹಾಕಗೊಡಲಿಲ್ಲ. ಬಟ್ಟೆಯಲ್ಲಿ ಸೋಸಿ ತಳದ ಮಣ್ಣನ್ನೆಲ್ಲ ಒಂದು ಪಾತ್ರೆಗೆ ತುಂಬಿದರು. ಗಣಪತಿ, ಗೌರಿ, ಬಿಲ್ಲೆ, ಮೂರೂ ಬೆರೆತ ಮಣ್ಣು. ಅದರಿಂದ ಯಾವ ಪ್ರಯೋಜನವೂ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಪಾತ್ರೆಯ ಮೇಲೆ ದಿನಾಂಕ ಬರೆದ ಚೀಟಿ ಅಂಟಿಸಿದೆ.

ಸೆಪ್ಟೆಂಬರ್ 2, ಮಂಗಳವಾರ, ಬೆಳಿಗ್ಗೆ 10.30. ಆಸ್ಟಿನ್‌ನ ಸಣ್ಣ ಕೋಣೆಯಲ್ಲಿ ಪ್ರೊಫೆಸರ್ ಬಿಲ್ಲೆಯನ್ನು ನಲವತ್ತು ನಿಮಿಷ ನೋಡಿದರು. ಅಂಕಲ್ ಎದುರಿಗೆ, ಆಂಟಿ ಅವರ ಪಕ್ಕದಲ್ಲಿ. ಫ್ರಿಸ್ಕೋದಿಂದ ಬರುವ ದಾರಿಯಲ್ಲಿ ಇಬ್ಬರೂ ಮಾತಾಡಿರಲಿಲ್ಲ ಎಂದು ಅವರು ಕೂತ ರೀತಿಯಲ್ಲೇ ತಿಳಿಯುತ್ತಿತ್ತು. ಪ್ರೊಫೆಸರ್ ಹೇಳಿದ್ದರ ಸಾರಾಂಶ: ಮುಂಬದಿಯ ಬರಹ ಬಲ್ಲವರ ಕೈಯದ್ದಿರಬಹುದು, ನಿಜವಾದ ಒಂದನ್ನು ಎದುರಿಗಿಟ್ಟುಕೊಂಡು ಶ್ರದ್ಧೆಯಿಂದ ನಕಲು ಮಾಡಿದವರದ್ದೂ ಇರಬಹುದು. ಇಂಥ ಬಿಲ್ಲೆಗಳಲ್ಲಿ ಸತ್ಯ ಹೇಳುವುದು ಸಾಮಾನ್ಯವಾಗಿ ಕಲಿಯುವವನ ಬದಿ. ನಕಲು ಮಾಡುವವನು ಗುರುವಿನ ಕೈಯನ್ನು ಚೆನ್ನಾಗಿ ಅನುಕರಿಸುತ್ತಾನೆ, ಹುಡುಗನ ತಪ್ಪನ್ನು ಅನುಕರಿಸುವುದು ಕಷ್ಟ. ಆ ಬದಿ ಇಲ್ಲದೆ ಏನೂ ಹೇಳಲಾರೆ. ಯಾವಾಗ ಬೆಂದಿತು ಎಂದು ಪರೀಕ್ಷೆ ಮಾಡುವ ವಿಧಾನಗಳಿವೆ. ಕಾಗದಪತ್ರವಿಲ್ಲದ ವಸ್ತುವಿಗೆ ಇಲ್ಲಿ ಮಾಡುವುದಿಲ್ಲ.

ನಿಜವೋ ಅಲ್ಲವೋ ತಿಳಿಯದ ವಸ್ತುವನ್ನು ಹಿಂದಿರುಗಿಸಲೂಬಹುದು, ಮನೆಯಲ್ಲಿ ಇಟ್ಟುಕೊಂಡರೂ ಯಾರೂ ಬಲವಂತ ಮಾಡುವುದಿಲ್ಲ ಎಂದೂ ಹೇಳಿದರು. ಅಂಕಲ್ ಹಿಂದಿರುಗಿಸುತ್ತೇನೆ ಎಂದರು. ಅದರ ಅರ್ಜಿಯಲ್ಲಿ ವಸ್ತು ಕೈಗೆ ಬಂದ ಬಗೆಯನ್ನು ಬರೆಯುವ ಜಾಗವಿತ್ತು. ಅಲ್ಲಿ ಏನು ತುಂಬಲಿ ಎಂದು ನಾನು ಅಂಕಲ್‌ರನ್ನು ಕೇಳಿದೆ. ಅವರು ಆಂಟಿಯ ಕಡೆ ನೋಡಿದರು. ಆಂಟಿ ಮೇಜಿನ ಕಡೆ ನೋಡುತ್ತಿದ್ದರು.

"ಅನುಮತಿ ಇಲ್ಲದ ಒಯ್ದದ್ದು ಅಂತನ ಬರಿ," ಎಂದರು ಅಂಕಲ್. "ಕಾಣಿಕಿ ಆಗಿದ್ರ ಆ ದೇಶದವರ ಹೇಳ್ಲಿ."

ಸಹಿ ಹಾಕಿದ್ದು 11.47. ಆಗ ಆಂಟಿ ತಮ್ಮ ಚೀಲದಿಂದ ಆ ಸ್ಟೀಲ್ ಡಬ್ಬಿ ತೆಗೆದು, ಹೊಸ ಹತ್ತಿ ಹಾಸಿ, ಬಿಲ್ಲೆಯನ್ನು ಮುಂಬದಿ ಕೆಳಗೆ ಮಾಡಿ ಇಟ್ಟರು. ಇನ್ನೂ ಪೂರ್ತಿ ಒಣಗದ ಹಿಂಬದಿ ಮೇಲೆ ಕಾಣುತ್ತಿತ್ತು.

ಈಗ ಕೇಳಬೇಕಾದದ್ದು ಒಂದಿದೆ. ಆ ಕಾವಲುಗಾರ ಕ್ಯಾಂಪ್ ಬಿಟ್ಟು ಹೋಗುವ ಬೇರೆಯವರಿಗೂ ಇಂಥ ಬಿಲ್ಲೆ ಕೊಟ್ಟಿದ್ದ ಎಂಬ ಮಸುಕು ನೆನಪು ಅಂಕಲ್‌ಗೆ ಇದೆ. ಅವರಲ್ಲಿ ಕರ್ನಾಟಕದವರು ಕನಿಷ್ಠ ಇಬ್ಬರು. ಎಂಬತ್ತರ ದಶಕದ ಮೊದಲಲ್ಲಿ ದಕ್ಷಿಣ ಇರಾಕಿನ ತೈಲ ಕ್ಯಾಂಪುಗಳಲ್ಲಿ ನಿಮ್ಮ ಮನೆಯ ಯಾರಾದರೂ ಕೆಲಸ ಮಾಡಿದ್ದರೆ, ಒಂದು ಸಲ ಅವರ ಕಪಾಟು, ಪೆಟ್ಟಿಗೆ, ದೇವರ ಗೂಡು ನೋಡಿ. ಅಂಗೈಯಗಲದ ಬಿಲ್ಲೆ, ಎರಡೂ ಬದಿ ಗೀರು. ಸಿಕ್ಕರೆ ತೊಳೆಯಬೇಡಿ, ಒರೆಸಲೂ ಬೇಡಿ. ಹಿಂಬದಿಯಲ್ಲಿ ಬೆರಳು ಒತ್ತಿದ ಗುರುತಿದ್ದರೆ ಅದರ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು, ಬೆಳಕು ಪಕ್ಕದಿಂದ ಬೀಳುವಂತೆ ಫೋಟೋ ತೆಗೆಯಿರಿ. ಆ ಕಾವಲುಗಾರನನ್ನು ಕಂಡವರು, ಅವನು ಮಣ್ಣು ಕಲಸುವುದನ್ನು ನೋಡಿದವರು, ಅವನ ಕೈ ಎಷ್ಟು ದೊಡ್ಡದಿತ್ತು ಎಂದು ನೆನಪಿರುವವರು ಇದ್ದರೂ ಸಾಕು. ನೀವು ಓದುತ್ತಿರುವ ಈ ಪುಸ್ತಕದ ಪ್ರಕಾಶಕರಿಗೆ ಬರೆದರೆ ನನಗೆ ತಲುಪುತ್ತದೆ. ಗುರುತಿನ ಅಗಲವನ್ನು ಮಿಲಿಮೀಟರಿನಲ್ಲಿ ಬರೆಯಿರಿ. ಆಗಸ್ಟ್ 9ರ ಪುಟದಲ್ಲಿ ಅದಕ್ಕೆ ಜಾಗ ಇನ್ನೂ ಖಾಲಿ ಇದೆ.